ಏರ್‌ಬ್ಯಾಗ್ ಇರುವ ವಾಹನದ ದುರಸ್ತಿ ಮತ್ತು ಮಾರ್ಪಾಡು: ಗ್ರಾಮ ಪಂಚಾಯತಿ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಹತ್ತು ಹನ್ನೆರಡು ವರ್ಷಗಳ ಹಿಂದೆ ಏರ್‌ಬ್ಯಾಗ್ ಎಂಬುದು ದುಬಾರಿ ಕಾರುಗಳ ಮಾತಾಗಿತ್ತು. ಈಗ ಹಾಗಿಲ್ಲ. 2019ರ ಜುಲೈ 1ರಿಂದ ದೇಶದಲ್ಲಿ ತಯಾರಾಗುವ ಪ್ರಯಾಣಿಕ ಕಾರುಗಳಲ್ಲಿ ಚಾಲಕನ ಮುಂದಿನ ಏರ್‌ಬ್ಯಾಗ್ ಕಡ್ಡಾಯವಾಯಿತು. 2021ರ ಏಪ್ರಿಲ್ 1ರಿಂದ ಹೊಸ ಮಾದರಿಗಳಲ್ಲಿಯೂ, ಅದೇ ವರ್ಷದ ಕೊನೆಯ ಗಡುವಿನ ನಂತರ ಹಳೆಯ ಮಾದರಿಗಳಲ್ಲಿಯೂ ಚಾಲಕನ ಪಕ್ಕದ ಆಸನಕ್ಕೆ ಏರ್‌ಬ್ಯಾಗ್ ಕಡ್ಡಾಯವಾಯಿತು. ಹೀಗಾಗಿ ಸದಸ್ಯರ ಮನೆಯ ಮುಂದೆ ನಿಂತಿರುವ ಸಾಧಾರಣ ಬೆಲೆಯ ಕಾರಿನಲ್ಲಿಯೂ, ಕಚೇರಿಯ ಕೆಲಸಕ್ಕೆ ಬಾಡಿಗೆಗೆ ಬರುವ ಟ್ಯಾಕ್ಸಿಯಲ್ಲಿಯೂ ಇಂದು ಕನಿಷ್ಠ ಎರಡು ಏರ್‌ಬ್ಯಾಗ್‌ಗಳು ಇರುತ್ತವೆ. ಕೆಲವು ಕಾರುಗಳಲ್ಲಿ ಆರು.

ಆದರೆ ಈ ಕಾರುಗಳು ದುರಸ್ತಿಗೆ ಹೋಗುವ ಸ್ಥಳ ಬಹುಪಾಲು ಹಳೆಯದೇ ಆಗಿದೆ. ಹೆದ್ದಾರಿಯ ಬದಿಯ ಗ್ಯಾರೇಜು, ಸಂತೆ ಮೈದಾನದ ಪಕ್ಕದ ಟಿಂಕರಿಂಗ್ ಶೆಡ್ಡು, ಕ್ರಾಸ್ ಬಳಿಯ ವಾಟರ್ ಸರ್ವಿಸ್, ಸೀಟ್ ಕವರ್ ಹಾಕುವ ಅಂಗಡಿ, ಕೊನೆಗೆ ಗುಜರಿ: ಇವೆಲ್ಲವೂ ಯಾವುದೋ ಒಂದು ಗ್ರಾಮ ಪಂಚಾಯತಿಯ ವ್ಯಾಪ್ತಿಯಲ್ಲಿಯೇ ನಡೆಯುವ ಉದ್ಯೋಗಗಳು. ಅಲ್ಲಿ ದುಡಿಯುವವರು ಕುಶಲಿಗಳು; ಎಂಜಿನ್ನಿನ ಸದ್ದು ಕೇಳಿಯೇ ದೋಷ ಹೇಳಬಲ್ಲವರು. ಆದರೆ ಏರ್‌ಬ್ಯಾಗ್ ಸದ್ದು ಮಾಡುವುದಿಲ್ಲ, ಎಣ್ಣೆ ಸೋರುವುದಿಲ್ಲ. ಅದು ಕೆಟ್ಟಿದೆಯೋ ಸರಿಯಿದೆಯೋ ಎಂಬುದು ಕಣ್ಣಿಗೆ ಕಾಣುವುದು ಅಪಘಾತದ ಕ್ಷಣದಲ್ಲಿ ಮಾತ್ರ. ಈ ಕಾರಣದಿಂದ ಅದರ ಒಳಗೇನಿದೆ, ಅದಿರುವ ವಾಹನವನ್ನು ಬಿಚ್ಚುವಾಗ ಮತ್ತು ಅಲಂಕರಿಸುವಾಗ ಏನು ಮಾಡಬಾರದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹೆಸರಿನಲ್ಲಿ ಗಾಳಿ, ಒಳಗೆ ಮದ್ದು

ಏರ್‌ಬ್ಯಾಗಿನೊಳಗೆ ಗಾಳಿಯನ್ನು ತುಂಬಿ ಇಟ್ಟಿರುತ್ತಾರೆ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಸ್ಟೀರಿಂಗಿನ ನಡುವಿನ ಮುಚ್ಚಳದ ಹಿಂದೆ ಇರುವುದು ಮಡಿಸಿಟ್ಟ ನೈಲಾನ್ ಚೀಲ ಮತ್ತು ಅದರ ಬೆನ್ನಿಗೆ ಅಂಗೈಯಗಲದ ಒಂದು ಲೋಹದ ಡಬ್ಬಿ. ಇದನ್ನು ಇನ್‌ಫ್ಲೇಟರ್ ಎಂದು ಕರೆಯಲಾಗುತ್ತದೆ. ಡಬ್ಬಿಯೊಳಗೆ ಗುಳಿಗೆಗಳ ರೂಪದಲ್ಲಿ ಮದ್ದು ಇರುತ್ತದೆ. ಹಳೆಯ ಕಾರುಗಳಲ್ಲಿ ಅದು ಸೋಡಿಯಂ ಅಜೈಡ್ ಎಂಬ ವಿಷಕಾರಿ ರಾಸಾಯನಿಕವಾಗಿತ್ತು; ಈಚಿನ ಕಾರುಗಳಲ್ಲಿ ಗ್ವಾನಿಡಿನ್ ನೈಟ್ರೇಟ್ ಮುಂತಾದವು ಬಳಕೆಯಲ್ಲಿವೆ. ಮದ್ದಿಗೆ ಕಿಡಿ ಕೊಡಲು ಒಂದು ವಿದ್ಯುತ್ ಬತ್ತಿ ಇರುತ್ತದೆ. ಕಲ್ಲು ಕ್ವಾರಿಗಳಿರುವ ಪಂಚಾಯತಿಗಳ ಸದಸ್ಯರಿಗೆ ವಿದ್ಯುತ್ ಡಿಟೋನೇಟರ್ ಪರಿಚಿತ. ಇದೂ ಅದೇ ಜಾತಿಯ ಸಾಧನ. ಒಂದು ಆಂಪಿಯರ್‌ಗಿಂತ ತುಸು ಹೆಚ್ಚಿನ ವಿದ್ಯುತ್ ಒಂದೆರಡು ಮಿಲಿಸೆಕೆಂಡು ಹರಿದರೆ ಸಾಕು, ಮದ್ದು ಹೊತ್ತಿಕೊಳ್ಳುತ್ತದೆ.

ಒಂದು ಮಿಲಿಸೆಕೆಂಡು ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು. ಕಾರು ಎದುರಿಗೆ ಬಡಿದ ಮೇಲೆ ಸುಮಾರು 15ರಿಂದ 20 ಮಿಲಿಸೆಕೆಂಡುಗಳೊಳಗೆ, ಸೆನ್ಸರ್‌ಗಳು ಕಳುಹಿಸಿದ ಸಂಕೇತವನ್ನು ಅಳೆದು, ಕಾರಿನ ನಿಯಂತ್ರಣ ಪೆಟ್ಟಿಗೆಯು ಚೀಲ ತೆರೆಯಬೇಕೇ ಬೇಡವೇ ಎಂದು ನಿರ್ಧರಿಸುತ್ತದೆ. ಸುಮಾರು 50 ಮಿಲಿಸೆಕೆಂಡುಗಳ ಹೊತ್ತಿಗೆ ಚೀಲ ಪೂರ್ತಿ ಉಬ್ಬಿರುತ್ತದೆ. ಮನುಷ್ಯ ಒಮ್ಮೆ ಕಣ್ಣು ಮಿಟುಕಿಸಲು ಇದರ ಎರಡು ಪಟ್ಟಿಗಿಂತ ಹೆಚ್ಚು ಸಮಯ ಬೇಕು. ಹೊರಚಿಮ್ಮುವಾಗ ಚೀಲದ ವೇಗ ಗಂಟೆಗೆ 300 ಕಿ.ಮೀ. ಆಸುಪಾಸಿಗೆ ಮುಟ್ಟುತ್ತದೆ. ಉಬ್ಬಿದ ಮರುಕ್ಷಣವೇ ಹಿಂಭಾಗದ ರಂಧ್ರಗಳಿಂದ ಅನಿಲ ಹೊರಹೋಗತೊಡಗಿ ಚೀಲ ಮೆತ್ತಗಾಗುತ್ತದೆ. ಮುಂದಕ್ಕೆ ಬೀಳುವ ತಲೆ ಈ ಮೆತ್ತನೆಯ ಚೀಲವನ್ನು ಸೇರಬೇಕು. ಅದಕ್ಕಿಂತ ಮೊದಲೇ ಸೇರಿದರೆ ಚಿಮ್ಮುತ್ತಿರುವ ಚೀಲವು ಮುಖಕ್ಕೆ ಗುದ್ದುತ್ತದೆ. ತಡವಾಗಿ ಸೇರಿದರೆ ಬರಿದಾದ ಚೀಲದ ಮೂಲಕ ಸ್ಟೀರಿಂಗಿಗೇ ಬಡಿಯುತ್ತದೆ.

ಏರ್‌ಬ್ಯಾಗ್ ಕುರಿತು ನೆನಪಿಡಬೇಕಾದ ಮುಖ್ಯ ಸಂಗತಿ ಇದೇ. ಅದು ಬಿಡಿ ವಸ್ತುವಲ್ಲ, ಒಂದು ಲೆಕ್ಕಾಚಾರದ ಕೊನೆಯ ಹಂತ. ಬಂಪರ್ ಎಷ್ಟು ಬೇಗ ನಜ್ಜುಗುಜ್ಜಾಗುತ್ತದೆ, ಸೆನ್ಸರ್ ಎಲ್ಲಿ ಕೂತಿದೆ, ಸೀಟ್ ಬೆಲ್ಟ್ ದೇಹವನ್ನು ಎಷ್ಟು ಹೊತ್ತು ಹಿಡಿದಿಡುತ್ತದೆ, ಕುಳಿತವರು ಸ್ಟೀರಿಂಗಿನಿಂದ ಎಷ್ಟು ದೂರದಲ್ಲಿದ್ದಾರೆ ಎಂಬ ಎಲ್ಲ ಅಂಶಗಳೂ ಆ ಲೆಕ್ಕದಲ್ಲಿವೆ. ಸ್ಟೀರಿಂಗಿನ ಮೇಲೆ ಮುದ್ರಿತವಾಗಿರುವ ಎಸ್‌ಆರ್‌ಎಸ್ ಎಂಬ ಮೂರಕ್ಷರಗಳ ಅರ್ಥವೂ ‘ಪೂರಕ ವ್ಯವಸ್ಥೆ’ ಎಂದೇ. ಪೂರಕವಾಗಿರುವುದು ಸೀಟ್ ಬೆಲ್ಟಿಗೆ. ಬೆಲ್ಟ್ ಇಲ್ಲದೆ ಏರ್‌ಬ್ಯಾಗ್ ಒಂದನ್ನೇ ನಂಬುವವರು, ಎರಡು ಕಾಲಿನ ಏಣಿಯ ಒಂದು ಕಾಲನ್ನು ಮುರಿದು ಹತ್ತಲು ಹೊರಟವರು. ಎದೆಗೂ ಸ್ಟೀರಿಂಗಿಗೂ ನಡುವೆ ಕನಿಷ್ಠ 25 ಸೆಂ.ಮೀ., ಅಂದರೆ ಒಂದು ಗೇಣಿಗಿಂತ ಹೆಚ್ಚಿನ ಅಂತರ ಇರುವಂತೆ ಆಸನವನ್ನು ಹಿಂದಕ್ಕೆ ಸರಿಸಿಕೊಳ್ಳಬೇಕೆಂಬ ಸಲಹೆಯ ಮೂಲವೂ ಇದೇ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮುಂದಿನ ಆಸನದಲ್ಲಿ ಪ್ರಯಾಣಿಸುವುದು ನಮ್ಮಲ್ಲಿ ಸಾಮಾನ್ಯ. ಏರ್‌ಬ್ಯಾಗ್ ಇರುವ ಕಾರಿನಲ್ಲಿ ಇದು ಮಗುವಿನ ಪ್ರಾಣಕ್ಕೇ ಎರವಾಗಬಲ್ಲದು.

ಗ್ಯಾರೇಜಿನಲ್ಲಿ ಪಾಲಿಸಬೇಕಾದ ಕ್ರಮ

ಏರ್‌ಬ್ಯಾಗ್ ದುರಸ್ತಿಗೆಂದೇ ಯಾರೂ ಗ್ರಾಮದ ಗ್ಯಾರೇಜಿಗೆ ಹೋಗುವುದಿಲ್ಲ. ಹೋಗುವುದು ಹಾರ್ನ್ ಕೂಗುತ್ತಿಲ್ಲವೆಂದು, ಡ್ಯಾಶ್‌ಬೋರ್ಡ್ ಗಲಗಲ ಎನ್ನುತ್ತದೆಯೆಂದು, ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತದೆಯೆಂದು. ಅಪಾಯ ಇರುವುದು ಇಂತಹ ಸಣ್ಣ ಕೆಲಸಗಳಲ್ಲಿಯೇ. ಹಾರ್ನಿನ ಗುಂಡಿಯ ಹಿಂದೆಯೇ ಚಾಲಕನ ಏರ್‌ಬ್ಯಾಗ್ ಇದೆ.

ಇಗ್ನಿಷನ್ ಕೀ ತೆಗೆದರೆ ಅಪಾಯ ಕಳೆಯಿತೆಂದು ಭಾವಿಸುವಂತಿಲ್ಲ. ಅಪಘಾತದ ಮೊದಲ ಪೆಟ್ಟಿಗೇ ಬ್ಯಾಟರಿಯ ತಂತಿ ಕಡಿದುಹೋದರೂ ಚೀಲ ತೆರೆಯಬೇಕು ಎಂಬ ಉದ್ದೇಶದಿಂದ ನಿಯಂತ್ರಣ ಪೆಟ್ಟಿಗೆಯೊಳಗೆ ಕೆಪಾಸಿಟರ್‌ಗಳಲ್ಲಿ ಸ್ವಲ್ಪ ವಿದ್ಯುತ್ತನ್ನು ಸಂಗ್ರಹಿಸಿ ಇಡಲಾಗಿರುತ್ತದೆ. ಬ್ಯಾಟರಿ ಬಿಚ್ಚಿದ ತಕ್ಷಣ ಅದು ಬರಿದಾಗುವುದಿಲ್ಲ. ಆದುದರಿಂದ ಮೊದಲು ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಿಚ್ಚಿ, ಅದು ತಾನಾಗಿ ತಗಲದಂತೆ ಬಟ್ಟೆ ಸುತ್ತಿ ಬದಿಗಿಟ್ಟು, ಆ ಕಾರಿನ ತಯಾರಕರು ಕೈಪಿಡಿಯಲ್ಲಿ ಸೂಚಿಸಿದಷ್ಟು ಹೊತ್ತು ಕಾಯಬೇಕು. ಕೆಲವು ಕಾರುಗಳಿಗೆ ಇದು 90 ಸೆಕೆಂಡು, ಕೆಲವಕ್ಕೆ 3 ನಿಮಿಷ, ಇನ್ನು ಕೆಲವಕ್ಕೆ ಅದಕ್ಕೂ ಹೆಚ್ಚು. ಕೈಪಿಡಿ ಸಿಗದಿದ್ದರೆ ಆ ಕೆಲಸವನ್ನೇ ಕೈಗೆತ್ತಿಕೊಳ್ಳದಿರುವುದು ಒಳ್ಳೆಯದು. ಒಂದು ಲೋಟ ಚಹಾ ಕುಡಿಯುವಷ್ಟು ಸಮಯವನ್ನು ಉಳಿಸಲು ಹೋಗಿ ಮುಖವನ್ನು ಪಣಕ್ಕಿಡುವುದರಲ್ಲಿ ಅರ್ಥವಿಲ್ಲ. ಕೆಲಸ ಮುಗಿದು ಬ್ಯಾಟರಿಯನ್ನು ಮರಳಿ ಜೋಡಿಸುವಾಗಲೂ ಕಾರಿನೊಳಗೆ ಯಾರೂ ಕುಳಿತಿರಬಾರದು.

ಏರ್‌ಬ್ಯಾಗಿನ ತಂತಿಗಳನ್ನು ಗುರುತಿಸುವುದು ಸುಲಭ. ಅವುಗಳ ಕನೆಕ್ಟರ್‌ಗಳು ಸಾಮಾನ್ಯವಾಗಿ ಹಳದಿ ಬಣ್ಣದವು. ಅನೇಕ ಕಾರುಗಳಲ್ಲಿ ತಂತಿಯ ಹೊದಿಕೆಯೂ ಹಳದಿಯೇ. ಹಳದಿ ಕಂಡಲ್ಲಿ ಕೈ ತಡೆಯಬೇಕು. ತಂತಿಯಲ್ಲಿ ಕರೆಂಟ್ ಇದೆಯೇ ಎಂದು ನೋಡಲು ಮೆಕ್ಯಾನಿಕರು ಬಳಸುವ ಟೆಸ್ಟ್ ಲ್ಯಾಂಪ್ ಅಥವಾ ಸಾಮಾನ್ಯ ಮಲ್ಟಿಮೀಟರನ್ನು ಏರ್‌ಬ್ಯಾಗಿಗೆ ಹಚ್ಚತಕ್ಕದ್ದಲ್ಲ. ಆ ಉಪಕರಣಗಳು ತಾವೇ ಒಂದಿಷ್ಟು ವಿದ್ಯುತ್ತನ್ನು ಹರಿಸುತ್ತವೆ. ಟೆಸ್ಟ್ ಲ್ಯಾಂಪ್ ಹರಿಸುವ ವಿದ್ಯುತ್ತಿಗೆ ಮದ್ದು ಹೊತ್ತಿಕೊಳ್ಳಬಹುದು. ಈ ತಂತಿಗಳನ್ನು ಕತ್ತರಿಸಿ ಟೇಪ್ ಸುತ್ತಿ ಜೋಡಿಸುವುದಾಗಲಿ, ಸ್ಟೀರಿಯೋ ಅಥವಾ ಹೆಚ್ಚುವರಿ ದೀಪಕ್ಕೆ ಇವುಗಳಿಂದ ವಿದ್ಯುತ್ ಪಡೆಯುವುದಾಗಲಿ ಸಲ್ಲದು. ಪರಿಶೀಲನೆ ನಡೆಸಬೇಕಾದುದು ಸ್ಕ್ಯಾನರ್ ಮೂಲಕ ಮಾತ್ರ.

ಬಿಚ್ಚಿದ ಏರ್‌ಬ್ಯಾಗನ್ನು ಹಿಡಿಯುವ ಮತ್ತು ಇಡುವ ರೀತಿಯಲ್ಲಿಯೂ ಎಚ್ಚರ ಬೇಕು. ಮುಚ್ಚಳದ ಭಾಗವು ದೇಹದಿಂದ ಆಚೆಗಿರುವಂತೆ ಹಿಡಿದು ಒಯ್ಯಬೇಕು. ಮೇಜಿನ ಮೇಲೆ ಇಡುವಾಗ ಮುಚ್ಚಳ ಮೇಲ್ಮುಖವಾಗಿರಬೇಕು, ಅದರ ಮೇಲೆ ಏನನ್ನೂ ಇಡಬಾರದು. ಅಕಸ್ಮಾತ್ತಾಗಿ ಸಿಡಿದರೆ ಚೀಲವಷ್ಟೇ ಮೇಲಕ್ಕೆ ಉಬ್ಬುತ್ತದೆ. ಮುಚ್ಚಳವನ್ನು ಕೆಳಮುಖವಾಗಿ ಇಟ್ಟಿದ್ದರೆ ಆ ಲೋಹದ ಡಬ್ಬಿಯೇ ಕ್ಷಿಪಣಿಯಂತೆ ಚಾವಣಿಗೆ ಹಾರುತ್ತದೆ. ಸುತ್ತಿಗೆಯ ಪೆಟ್ಟು, ಗ್ಯಾಸ್ ವೆಲ್ಡಿಂಗಿನ ಜ್ವಾಲೆ, ಬಣ್ಣ ಒಣಗಿಸುವ ಬಿಸಿಗೂಡು ಇವುಗಳಿಂದ ಅದನ್ನು ದೂರವಿಡಬೇಕು. ಕಾರಿನ ಮೈಗೆ ವಿದ್ಯುತ್ ವೆಲ್ಡಿಂಗ್ ಮಾಡುವ ಮುನ್ನ ಬ್ಯಾಟರಿ ಬಿಚ್ಚುವುದು ಟಿಂಕರಿಂಗ್ ಶೆಡ್ಡುಗಳಲ್ಲಿ ಅಪರೂಪ. ಏರ್‌ಬ್ಯಾಗ್ ಇರುವ ಕಾರಿಗೆ ಅದು ಅನಿವಾರ್ಯ.

ಸ್ಟೀರಿಂಗ್ ಚಕ್ರದ ಹಿಂದೆ ಕ್ಲಾಕ್ ಸ್ಪ್ರಿಂಗ್ ಎಂಬ ಸುರುಳಿ ಪಟ್ಟಿ ಇರುತ್ತದೆ. ಚಕ್ರ ತಿರುಗುತ್ತಿದ್ದರೂ ಏರ್‌ಬ್ಯಾಗಿಗೂ ಹಾರ್ನಿಗೂ ತಂತಿಯ ಸಂಪರ್ಕ ಕಡಿಯದಂತೆ ನೋಡಿಕೊಳ್ಳುವುದು ಅದರ ಕೆಲಸ. ಗಾಲಿಗಳನ್ನು ನೇರವಾಗಿ ನಿಲ್ಲಿಸದೆ ಸ್ಟೀರಿಂಗ್ ಬಿಚ್ಚಿ, ನಡುವಿನ ಸ್ಥಾನ ತಪ್ಪಿಸಿ ಮರಳಿ ಕೂರಿಸಿದರೆ, ಪೂರ್ತಿ ತಿರುವಿನಲ್ಲಿ ಈ ಪಟ್ಟಿ ಹರಿದುಹೋಗುತ್ತದೆ. ಹಾರ್ನ್ ನಿಂತುಹೋಗಿ, ಅದರ ಜೊತೆಗೇ ಏರ್‌ಬ್ಯಾಗ್ ದೀಪವೂ ಹೊತ್ತಿಕೊಂಡರೆ ಮೊದಲು ಸಂಶಯಿಸಬೇಕಾದುದು ಇದನ್ನೇ.

ಆರದ ದೀಪ, ಹೊತ್ತದ ದೀಪ

ಕೀ ತಿರುಗಿಸಿದಾಗ ಮೀಟರ್ ಫಲಕದಲ್ಲಿ, ಕುಳಿತ ಮನುಷ್ಯನ ಎದುರು ಗುಂಡಗಿನ ಚೀಲವಿರುವ ಚಿತ್ರದ ದೀಪವೊಂದು ಹೊತ್ತಿ ಕೆಲವು ಸೆಕೆಂಡುಗಳಲ್ಲಿ ಆರಬೇಕು. ಆರದೆ ಉಳಿದರೆ ವ್ಯವಸ್ಥೆಯಲ್ಲಿ ದೋಷವಿದೆ, ಏರ್‌ಬ್ಯಾಗ್ ತೆರೆಯದೇ ಇರಬಹುದು ಎಂದರ್ಥ. ಇಷ್ಟನ್ನು ಅನೇಕರು ಬಲ್ಲರು. ಹೊತ್ತದೇ ಇರುವ ದೀಪವು ಇದಕ್ಕಿಂತ ಕೆಟ್ಟ ಸೂಚನೆ ಎಂಬುದನ್ನು ಬಲ್ಲವರು ಕಡಿಮೆ. ಸೆಕೆಂಡ್ ಹ್ಯಾಂಡ್ ಕಾರು ಮಾರುವವರಲ್ಲಿ ಕೆಲವರು ದೋಷ ಸರಿಪಡಿಸುವ ಖರ್ಚನ್ನು ಉಳಿಸಲು ಆ ದೀಪವನ್ನೇ ನಿಷ್ಕ್ರಿಯಗೊಳಿಸುತ್ತಾರೆ. ಇನ್ನೂ ಜಾಣರು ಅದರ ತಂತಿಯನ್ನು ಬೇರೊಂದು ದೀಪಕ್ಕೆ ಜೋಡಿಸಿ, ಎರಡೂ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುವಂತೆ ಮಾಡುತ್ತಾರೆ. ಏರ್‌ಬ್ಯಾಗ್ ಇರಬೇಕಾದ ಜಾಗದಲ್ಲಿ ಒಂದು ಸಣ್ಣ ರೆಸಿಸ್ಟರ್ ಸೇರಿಸಿ ನಿಯಂತ್ರಣ ಪೆಟ್ಟಿಗೆಗೆ ‘ಎಲ್ಲ ಸರಿಯಿದೆ’ ಎಂದು ನಂಬಿಸುವ ವಂಚನೆಯೂ ಇದೆ. ಹೀಗಿರುವಾಗ ಹಳೆಯ ಕಾರು ಕೊಳ್ಳುವ ಮುನ್ನ ಅಧಿಕೃತ ಸೇವಾ ಕೇಂದ್ರದಲ್ಲಿ ಸ್ಕ್ಯಾನ್ ಮಾಡಿಸಿ, ಸ್ಟೀರಿಂಗ್ ಮತ್ತು ಡ್ಯಾಶ್‌ಬೋರ್ಡ್ ಮುಚ್ಚಳಗಳನ್ನು ಕಣ್ಣಾರೆ ಪರೀಕ್ಷಿಸುವುದು ಅಗತ್ಯ. ಮುಚ್ಚಳದ ಬಣ್ಣ ಉಳಿದ ಭಾಗಕ್ಕೆ ಹೊಂದದಿದ್ದರೆ, ಅಂಚಿನಲ್ಲಿ ಅಂಟು ಕಂಡರೆ ಪ್ರಶ್ನಿಸಬೇಕು.

ದೀಪ ಹೊತ್ತಿದ ಪ್ರತಿ ಸಲವೂ ದೊಡ್ಡ ದೋಷವೇ ಇರಬೇಕೆಂದಿಲ್ಲ. ಮುಂದಿನ ಆಸನಗಳ ಅಡಿಯಲ್ಲಿ ಸೀಟ್ ಬೆಲ್ಟ್ ಮತ್ತು ಬದಿಯ ಏರ್‌ಬ್ಯಾಗಿನ ಕನೆಕ್ಟರ್‌ಗಳು ಇರುತ್ತವೆ. ಅಲ್ಲಿಗೆ ನೀರಿನ ಕ್ಯಾನು, ಛತ್ರಿ, ಚೀಲಗಳನ್ನು ತುರುಕಿದಾಗ, ಇಲ್ಲವೇ ವಾಟರ್ ಸರ್ವಿಸ್‌ನಲ್ಲಿ ಒಳಭಾಗಕ್ಕೂ ರಭಸದ ನೀರು ಹಾಯಿಸಿದಾಗ ಅವು ಸಡಿಲಗೊಳ್ಳುತ್ತವೆ ಅಥವಾ ತುಕ್ಕು ಹಿಡಿಯುತ್ತವೆ. ನಿಯಂತ್ರಣ ಪೆಟ್ಟಿಗೆಯನ್ನೂ ಬಹಳಷ್ಟು ಕಾರುಗಳಲ್ಲಿ ಗೇರ್ ಲಿವರಿನ ಸಮೀಪ ನೆಲಕ್ಕೆ ಬಿಗಿದಿರುತ್ತಾರೆ. ಮಳೆಗಾಲದಲ್ಲಿ ಕಾರಿನೊಳಗೆ ನೀರು ನಿಂತಿದ್ದರೆ, ಎಂಜಿನ್ ಸರಾಗವಾಗಿ ಓಡುತ್ತಿದ್ದರೂ, ಈ ಪೆಟ್ಟಿಗೆಯನ್ನು ಪರೀಕ್ಷಿಸದೆ ಕಾರು ಬಳಸುವುದು ತರವಲ್ಲ.

ಅಲಂಕಾರ ಮತ್ತು ಮಾರ್ಪಾಡು

ಹೊಸ ಕಾರಿಗೆ ಮೊದಲು ಬೀಳುವ ಹೆಚ್ಚುವರಿ ಸಾಮಾನು ಮುಂಭಾಗದ ಕಬ್ಬಿಣದ ಗಾರ್ಡು. ಜಾನುವಾರು ಅಡ್ಡ ಬಂದರೆ ಕಾರು ಉಳಿಯುತ್ತದೆ ಎಂಬುದು ಇದರ ಸಮರ್ಥನೆ. ಕಾರು ಉಳಿಯಬಹುದು, ಒಳಗಿರುವವರ ಲೆಕ್ಕ ಬೇರೆ. ಮುಂಭಾಗವು ಹಂತಹಂತವಾಗಿ ಮುದುಡುತ್ತ ಪೆಟ್ಟನ್ನು ಹೀರುವಂತೆ ಕಾರನ್ನು ರಚಿಸಲಾಗಿರುತ್ತದೆ, ಆ ಮುದುಡುವಿಕೆಯ ಗತಿಯನ್ನು ನೋಡಿಯೇ ಚೀಲ ತೆರೆಯುವ ಕ್ಷಣ ನಿರ್ಧಾರವಾಗುತ್ತದೆ. ನೇರವಾಗಿ ಚಾಸಿಗೆ ಬಿಗಿದ ಗಾರ್ಡು ಪೆಟ್ಟನ್ನು ಹೀರದೆ ಒಳಕ್ಕೆ ದಾಟಿಸುತ್ತದೆ, ಸೆನ್ಸರಿಗೆ ಹೋಗುವ ಸಂಕೇತವನ್ನೂ ಬದಲಿಸುತ್ತದೆ. ಚೀಲ ತಡವಾಗಿ ತೆರೆಯಬಹುದು, ಸಣ್ಣ ಪೆಟ್ಟಿಗೇ ತೆರೆಯಬಹುದು, ತೆರೆಯದೆಯೂ ಇರಬಹುದು. ಪಾದಚಾರಿಗಳಿಗೂ ದ್ವಿಚಕ್ರ ಸವಾರರಿಗೂ ಈ ಗಾರ್ಡು ಮಾರಕ. ಈ ಕಾರಣಗಳಿಂದ ಕೇಂದ್ರ ರಸ್ತೆ ಸಾರಿಗೆ ಮಂತ್ರಾಲಯವು 2017ರ ಡಿಸೆಂಬರಿನಲ್ಲಿ ಇಂತಹ ಗಾರ್ಡುಗಳ ವಿರುದ್ಧ ಕ್ರಮ ಜರುಗಿಸುವಂತೆ ರಾಜ್ಯಗಳಿಗೆ ಸೂಚಿಸಿತು. ಬಂಪರಿಗೆ ಲಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದರೆ ಬಾಧಕವಿಲ್ಲ. ಕಬ್ಬಿಣ ಕಟ್ಟಿದರೆ ಇದೆ.

ಡ್ಯಾಶ್‌ಬೋರ್ಡಿನ ಮೇಲಿನ ದೇವರ ಮೂರ್ತಿಯ ವಿಷಯವು ಸೂಕ್ಷ್ಮವಾದುದು, ಆದರೂ ಹೇಳದೆ ವಿಧಿಯಿಲ್ಲ. ಪಕ್ಕದ ಆಸನದ ಏರ್‌ಬ್ಯಾಗ್ ಡ್ಯಾಶ್‌ಬೋರ್ಡಿನ ಎಡಭಾಗದ ಮೇಲ್ಮೈಯನ್ನು ಸೀಳಿಕೊಂಡು ಬರುತ್ತದೆ. ಅಲ್ಲಿ ಅಂಟಿಸಿದ ಲೋಹದ ಅಥವಾ ಕಲ್ಲಿನ ಮೂರ್ತಿ, ಸುಗಂಧದ ಬಾಟಲಿ, ಮೊಬೈಲ್ ಸ್ಟ್ಯಾಂಡು ಯಾವುದೇ ಇರಲಿ, ಕವಣೆಯ ಕಲ್ಲಿನಂತೆ ಕುಳಿತವರ ಮುಖಕ್ಕೆ ಹಾರುತ್ತದೆ. ಭಕ್ತಿಗೆ ಸ್ಥಳ ಬೇಕೆಂದರೆ, ಏರ್‌ಬ್ಯಾಗ್ ತೆರೆಯುವ ಜಾಗವನ್ನು ಬಿಟ್ಟು, ಹಗುರವಾದ ಪಟವನ್ನು ಇರಿಸಿಕೊಳ್ಳಬಹುದು. ಇಡೀ ಡ್ಯಾಶ್‌ಬೋರ್ಡಿಗೆ ಹೊದಿಸುವ ದಪ್ಪ ಮ್ಯಾಟು, ಸ್ಟೀರಿಂಗಿನ ನಡುಭಾಗವನ್ನೂ ಮುಚ್ಚುವ ಕವರು, ಅದರ ಮೇಲೆ ಅಂಟಿಸುವ ಲೋಹದ ಲಾಂಛನ ಇವೂ ಬೇಡ.

ಬದಿಯ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದು ಆಸನದ ಬೆನ್ನಿನ ಹೊರಅಂಚಿನಲ್ಲಿ ಅಡಗಿರುತ್ತದೆ. ಆಸನದ ಪಕ್ಕದಲ್ಲಿ ಸಣ್ಣದೊಂದು ಚೀಟಿ ಅದನ್ನು ಸೂಚಿಸುತ್ತದೆ. ಅಂಗಡಿಯಲ್ಲಿ ಹೊಲಿಸಿದ ದಪ್ಪ ರೆಕ್ಸಿನ್ ಕವರು ಆ ಅಂಚನ್ನು ಬಿಗಿದು ಕಟ್ಟಿದರೆ ಚೀಲಕ್ಕೆ ಹೊರಬರಲು ದಾರಿ ಇರುವುದಿಲ್ಲ. ಆ ಭಾಗದಲ್ಲಿ ಹರಿದುಕೊಳ್ಳುವಂತೆ ಹೊಲಿದ, ಆ ಮಾದರಿಗೆಂದೇ ತಯಾರಾದ ಕವರು ಮಾತ್ರ ಹಾಕಿಸಬೇಕು. ಕಿಟಕಿಯ ಮೇಲಂಚಿನಿಂದ ಇಳಿಯುವ ಪರದೆ ಏರ್‌ಬ್ಯಾಗ್ ಇದ್ದಲ್ಲಿ ಹಿಡಿಕೆಗೆ ಕೋಟಿನ ಹ್ಯಾಂಗರ್ ತೂಗುಹಾಕಬಾರದು. ಡ್ಯಾಶ್‌ಕ್ಯಾಮ್ ಕೂರಿಸುವವರು ಮುಂಗಂಬದ ಒಳಹೊದಿಕೆಯಲ್ಲಿ ತಂತಿ ಎಳೆಯುವಾಗ ಅದನ್ನು ಮಡಿಸಿದ ಚೀಲದ ಎದುರಿನಿಂದ ಹಾಯಿಸದೆ ಹಿಂದಿನಿಂದ ಹಾಯಿಸಬೇಕು.

ಬೆಲ್ಟ್ ಹಾಕದಿದ್ದಾಗ ಬರುವ ಎಚ್ಚರಿಕೆಯ ಸದ್ದನ್ನು ಅಡಗಿಸಲು ಬಕಲ್ಲಿಗೆ ಸಿಕ್ಕಿಸುವ ಖಾಲಿ ಕ್ಲಿಪ್ಪುಗಳದ್ದು ಮತ್ತೊಂದು ಪಿಡುಗು. ಅನೇಕ ಕಾರುಗಳಲ್ಲಿ ಬೆಲ್ಟ್ ಹಾಕಲಾಗಿದೆಯೇ ಎಂಬ ಮಾಹಿತಿಯೂ ಏರ್‌ಬ್ಯಾಗಿನ ನಿರ್ಧಾರದಲ್ಲಿ ಸೇರಿರುತ್ತದೆ. ಕ್ಲಿಪ್ ಸಿಕ್ಕಿಸಿದವರು ಸದ್ದನ್ನು ಮಾತ್ರವಲ್ಲ, ಕಾರನ್ನೇ ಮೋಸಗೊಳಿಸಿರುತ್ತಾರೆ. 2023ರ ಮೇ ತಿಂಗಳಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಇವುಗಳನ್ನು ಮಾರಾಟ ಪಟ್ಟಿಯಿಂದ ತೆಗೆಯುವಂತೆ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಆದೇಶಿಸಿತ್ತು.

ಕಾನೂನಿನ ನಿಲುವು ಸ್ಪಷ್ಟವಾಗಿದೆ. ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52ರ ಪ್ರಕಾರ ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯ ಮೂಲಕ ಸೇರ್ಪಡೆಯಾದ ಕಲಂ 182ಎ ಅಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಕಾರಾವಾಸ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ವಿಕಲಚೇತನರ ಬಳಕೆಗಾಗಿ ವಾಹನವನ್ನು ಅಳವಡಿಸಿಕೊಳ್ಳಲು ಕಾಯ್ದೆಯು ಅವಕಾಶ ನೀಡಿದೆ. ಅದಕ್ಕೆ ನೋಂದಣಿ ಪ್ರಾಧಿಕಾರದ, ಅಂದರೆ ಆರ್‌ಟಿಒ ಕಚೇರಿಯ, ಅನುಮೋದನೆ ಪಡೆಯಬೇಕು. ಕೈಯಿಂದ ಬ್ರೇಕ್ ಒತ್ತುವ ಸರಳು ಅಥವಾ ಸ್ಟೀರಿಂಗಿನ ಹಿಡಿಗುಂಡಿಯನ್ನು ಜೋಡಿಸುವಾಗ ಅದು ಚೀಲದ ದಾರಿಗೆ ಅಡ್ಡವಾಗದಂತೆ ಕಾರು ತಯಾರಕರ ಸಲಹೆ ಪಡೆಯಲು ಅಂತಹ ಅರ್ಜಿದಾರರಿಗೆ ಸದಸ್ಯರು ತಿಳಿಹೇಳಬೇಕು.

ಒಮ್ಮೆ ತೆರೆದ ಮೇಲೆ

ತೆರೆದುಕೊಂಡ ಏರ್‌ಬ್ಯಾಗನ್ನು ಮಡಿಸಿ ಮತ್ತೆ ಬಳಸಲಾಗದು. ಚೀಲ ಮತ್ತು ಇನ್‌ಫ್ಲೇಟರ್ ಬದಲಾಗಬೇಕು. ಅದರೊಂದಿಗೆ ನಿಯಂತ್ರಣ ಪೆಟ್ಟಿಗೆ, ಸೆನ್ಸರ್, ಕ್ಲಾಕ್ ಸ್ಪ್ರಿಂಗ್ ಮತ್ತು ಅಪಘಾತದಲ್ಲಿ ಬಿಗಿದುಕೊಂಡ ಸೀಟ್ ಬೆಲ್ಟುಗಳಲ್ಲಿ ಯಾವ ಯಾವುದನ್ನು ಬದಲಿಸಬೇಕೆಂದು ತಯಾರಕರು ನಿಗದಿಪಡಿಸಿರುತ್ತಾರೆ. ಅನೇಕ ಸೀಟ್ ಬೆಲ್ಟುಗಳ ಸುರುಳಿಯಲ್ಲಿಯೂ ಅಂತಹದೇ ಸಣ್ಣ ಮದ್ದು ಇರುತ್ತದೆಂಬುದು ಬಹಳ ಮಂದಿಗೆ ಗೊತ್ತಿಲ್ಲ. ಈ ಖರ್ಚು ಹೆಚ್ಚು. ಆದುದರಿಂದಲೇ ಗುಜರಿಯಿಂದ ತಂದ ಹಳೆಯ ಏರ್‌ಬ್ಯಾಗ್ ಮತ್ತು ನಕಲಿ ಏರ್‌ಬ್ಯಾಗಿಗೆ ಮಾರುಕಟ್ಟೆ ಹುಟ್ಟಿದೆ. 2024ರ ಏಪ್ರಿಲ್‌ನಲ್ಲಿ ದೆಹಲಿ ಪೊಲೀಸರು ವಿವಿಧ ಕಂಪನಿಗಳ ಹೆಸರಿನ ಒಂಬೈನೂರಕ್ಕೂ ಹೆಚ್ಚು ನಕಲಿ ಏರ್‌ಬ್ಯಾಗ್‌ಗಳನ್ನು ವಶಪಡಿಸಿಕೊಂಡಿದ್ದರು. ದುರಸ್ತಿಯ ನಂತರ ಬದಲಿಸಿದ ಭಾಗಗಳ ಸಂಖ್ಯೆ ಸಹಿತವಾದ ಅಧಿಕೃತ ಬಿಲ್ಲನ್ನು ಪಡೆದಿಟ್ಟುಕೊಳ್ಳುವುದು ವಾಹನ ಮಾಲೀಕರ ಹಿತಕ್ಕೇ ಒಳ್ಳೆಯದು.

ಅಸಲಿ ಕಂಪನಿಯ ಏರ್‌ಬ್ಯಾಗಿನಲ್ಲಿಯೂ ದೋಷ ಬಂದ ದೊಡ್ಡ ಉದಾಹರಣೆ ಜಪಾನಿನ ಟಕಾಟಾ ಕಂಪನಿಯದು. ಅದರ ಇನ್‌ಫ್ಲೇಟರ್‌ಗಳಲ್ಲಿ ಬಳಸಿದ್ದ ಅಮೋನಿಯಂ ನೈಟ್ರೇಟ್ ಮದ್ದು, ವರ್ಷಗಟ್ಟಲೆ ಸೆಕೆ ಮತ್ತು ತೇವಕ್ಕೆ ಸಿಕ್ಕಿ ಹದಗೆಟ್ಟು, ಹೊತ್ತಿದಾಗ ಅತಿ ರಭಸದಿಂದ ಉರಿದು ಲೋಹದ ಡಬ್ಬಿಯನ್ನೇ ಚೂರು ಮಾಡುತ್ತಿತ್ತು. ಆ ಚೂರುಗಳು ತಗುಲಿ ಹಲವು ದೇಶಗಳಲ್ಲಿ ಜನ ಸತ್ತರು. ಕೋಟಿಗಟ್ಟಲೆ ವಾಹನಗಳನ್ನು ಹಿಂದಕ್ಕೆ ಕರೆಯಲಾಯಿತು. 2017ರ ಜೂನ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು. ಭಾರತದಲ್ಲಿಯೂ ಹೋಂಡಾ, ಟೊಯೊಟಾ ಕಂಪನಿಗಳು ಇಂತಹ ಕಾರುಗಳನ್ನು ಕರೆಸಿ ಉಚಿತವಾಗಿ ಇನ್‌ಫ್ಲೇಟರ್ ಬದಲಿಸಿವೆ. ಸೆಕೆ ಮತ್ತು ತೇವ ಎರಡೂ ಸೇರಿರುವ ನಮ್ಮ ಕರಾವಳಿಯಲ್ಲಿ ಹಳೆಯ ಕಾರು ಕೊಂಡವರು, ಚಾಸಿ ಸಂಖ್ಯೆಯನ್ನು ಕೊಟ್ಟು ತಮ್ಮ ಕಾರಿಗೆ ಇಂತಹ ಕರೆ ಬಾಕಿ ಇದೆಯೇ ಎಂದು ಆಯಾ ಕಂಪನಿಯ ಸೇವಾ ಕೇಂದ್ರದಲ್ಲಿ ವಿಚಾರಿಸಬೇಕು. ವಾಹನ ಎರಡು ಮೂರು ಕೈ ಬದಲಾಗಿದ್ದಲ್ಲಿ ಕಂಪನಿಯ ಪತ್ರವು ಮೊದಲ ಮಾಲೀಕರ ವಿಳಾಸಕ್ಕೆ ಹೋಗಿ ಅಲ್ಲಿಯೇ ಉಳಿದಿರುವ ಸಾಧ್ಯತೆ ಹೆಚ್ಚು.

ಪಂಚಾಯತಿಯ ಮಟ್ಟದಲ್ಲಿ

ಪಂಚಾಯತಿಯ ಕಸ ಸಾಗಣೆಯ ಆಟೋ ಟಿಪ್ಪರ್ ಮುಂತಾದ ಸರಕು ವಾಹನಗಳಿಗೆ ಮೇಲೆ ಹೇಳಿದ ಕಡ್ಡಾಯ ಅನ್ವಯಿಸುವುದಿಲ್ಲ. ಅಂತಹ ವಾಹನದಲ್ಲಿ ಏರ್‌ಬ್ಯಾಗ್ ಇದೆಯೇ ಎಂಬುದನ್ನು ಸ್ಟೀರಿಂಗಿನ ಗುರುತು ಮತ್ತು ಮಾಲೀಕರ ಕೈಪಿಡಿಯಿಂದ ತಿಳಿಯಬಹುದು. ಕಾರುಗಳನ್ನು ಬಾಡಿಗೆಗೆ ಪಡೆಯುವಾಗ ಕರಾರಿನಲ್ಲಿ, ಏರ್‌ಬ್ಯಾಗ್ ದೀಪ ಸರಿಯಾಗಿ ಹೊತ್ತಿ ಆರುತ್ತದೆ, ಮುಂಭಾಗದಲ್ಲಿ ಗಾರ್ಡು ಇಲ್ಲ, ಎಲ್ಲ ಬೆಲ್ಟುಗಳು ಕೆಲಸ ಮಾಡುತ್ತಿವೆ ಎಂಬ ಮೂರು ಮಾತುಗಳನ್ನು ಸೇರಿಸಲು ಯಾವ ಖರ್ಚೂ ಇಲ್ಲ. ಪಂಚಾಯತಿಯಿಂದ ಪರವಾನಗಿ ಪಡೆದಿರುವ ಗ್ಯಾರೇಜು ಮತ್ತು ಗುಜರಿ ಅಂಗಡಿಗಳಿಗೆ ನವೀಕರಣದ ಸಂದರ್ಭದಲ್ಲಿ ಈ ಸುತ್ತೋಲೆಯ ಪ್ರತಿಯನ್ನು ನೀಡಬಹುದು.

ಅಪಘಾತ ನಡೆದಲ್ಲಿಗೆ ಮೊದಲು ಧಾವಿಸುವವರು ಅಕ್ಕಪಕ್ಕದ ಗ್ರಾಮಸ್ಥರೇ. ನಜ್ಜುಗುಜ್ಜಾದ ಕಾರಿನಲ್ಲಿ ತೆರೆಯದೆ ಉಳಿದ ಏರ್‌ಬ್ಯಾಗ್ ಇದ್ದಲ್ಲಿ, ಗಾಯಾಳುವಿಗೂ ಸ್ಟೀರಿಂಗಿಗೂ ನಡುವೆ ತಲೆ ತೂರಿಸಬಾರದು. ಸಾಧ್ಯವಾದರೆ ಕೀ ತೆಗೆದು, ಬ್ಯಾಟರಿ ಬಿಚ್ಚಿ, ಪಕ್ಕದಿಂದ ನೆರವಾಗಬೇಕು. ತೆರೆದ ಚೀಲದ ಸುತ್ತ ಕಾಣುವ ಬಿಳಿ ಪುಡಿಯನ್ನು ಹೊಗೆಯೆಂದು ಭಾವಿಸಿ ಬೆಂಕಿ ಬಿದ್ದಿತೆಂದು ಗಾಬರಿಗೊಂಡು ಗಾಯಾಳುವನ್ನು ಎಳೆದಾಡುವುದು ಬೇಡ. ಅದರ ಬಹುಭಾಗ ಚೀಲ ಸಲೀಸಾಗಿ ಬಿಚ್ಚಿಕೊಳ್ಳಲೆಂದು ಸವರಿದ ಪುಡಿ. ಕೈ ಮುಖಗಳನ್ನು ಆಮೇಲೆ ತೊಳೆದುಕೊಂಡರೆ ಸಾಕು. 108 ಮತ್ತು 112ಕ್ಕೆ ಕರೆ ಮಾಡುವುದನ್ನು ಮರೆಯಬಾರದು. ನೆರವಾದವರಿಗೆ ಮೋಟಾರು ವಾಹನಗಳ ಕಾಯ್ದೆಯ ಕಲಂ 134ಎ ರಕ್ಷಣೆ ನೀಡುತ್ತದೆ.

ಉಳಿದುದು ಗುಜರಿ ಮತ್ತು ಕಸದ ಪ್ರಶ್ನೆ. ಏರ್‌ಬ್ಯಾಗ್ ಕಡ್ಡಾಯವಾದ ಮೇಲೆ ಬಂದ ಕಾರುಗಳು ಅಪಘಾತಕ್ಕೀಡಾಗಿ ಗುಜರಿಗೆ ಬರತೊಡಗಿವೆ. ಅವುಗಳ ಸ್ಟೀರಿಂಗ್ ಮುಚ್ಚಳ, ಡ್ಯಾಶ್‌ಬೋರ್ಡ್ ತುಂಡು, ಬೆಲ್ಟಿನ ಸುರುಳಿಗಳು ಪ್ಲಾಸ್ಟಿಕ್ ಕಸದೊಂದಿಗೆ ಸೇರಿ ಒಣ ಕಸದ ಘಟಕಗಳಿಗೂ ತಲುಪಬಹುದು. ಸ್ವಚ್ಛ ಸಂಕೀರ್ಣಗಳಲ್ಲಿ ಕಸ ವಿಂಗಡಿಸುವವರು ಸ್ವಸಹಾಯ ಸಂಘಗಳ ಮಹಿಳೆಯರು. ತೆರೆಯದ ಏರ್‌ಬ್ಯಾಗನ್ನು ಬೇಲಿಂಗ್ ಯಂತ್ರಕ್ಕೆ ಹಾಕಿ ಒತ್ತಿದರೆ, ಲೋಹ ಬೇರ್ಪಡಿಸಲು ಸುತ್ತಿಗೆಯಿಂದ ಹೊಡೆದರೆ, ಗ್ಯಾಸ್ ಕಟರ್‌ನಿಂದ ಕೊಯ್ದರೆ, ಕಸದೊಂದಿಗೆ ಸುಟ್ಟರೆ ಅದು ಸಿಡಿಯಬಲ್ಲದು. ಕಿಟಕಿಯ ಪರದೆ ಏರ್‌ಬ್ಯಾಗಿನ ಉಕ್ಕಿನ ಕೊಳವೆಗಳಲ್ಲಿ ಅತಿ ಒತ್ತಡದ ಅನಿಲವೂ ತುಂಬಿರುತ್ತದೆ. ಹಳೆಯ ಕಾರಿನ ಇನ್‌ಫ್ಲೇಟರ್ ಒಡೆದು ಸೋಡಿಯಂ ಅಜೈಡ್ ಹೊರಬಿದ್ದು ನೀರು ಅಥವಾ ಆಮ್ಲದೊಡನೆ ಬೆರೆತರೆ ವಿಷಾನಿಲ ಏಳುತ್ತದೆ. ವಿಂಗಡಿಸುವವರಿಗೆ ಒಂದು ಗುರುತು ತಿಳಿದಿದ್ದರೆ ಸಾಕು: ವಾಹನದ ತುಂಡಿನ ಹಿಂದೆ ಲೋಹದ ಡಬ್ಬಿ ಇದ್ದು, ಅದಕ್ಕೆ ಹಳದಿ ಕನೆಕ್ಟರ್ ಅಥವಾ ಅದರ ಗೂಡು ಕಂಡರೆ ಅದನ್ನು ಯಂತ್ರದ ಬಳಿಗೆ ಒಯ್ಯತಕ್ಕದ್ದಲ್ಲ. ಮುಚ್ಚಳ ಮೇಲಾಗಿ, ನೆರಳಿನಲ್ಲಿ, ಜನರಿಂದ ದೂರವಾಗಿ ಇಟ್ಟು ಪಂಚಾಯತಿ ಕಚೇರಿಗೆ ತಿಳಿಸಬೇಕು. ಕಚೇರಿಯು ಆಯಾ ಕಂಪನಿಯ ಅಧಿಕೃತ ಸೇವಾ ಕೇಂದ್ರವನ್ನಾಗಲಿ, 2021ರ ನಿಯಮಗಳಡಿ ನೋಂದಣಿಯಾದ ವಾಹನ ಗುಜರಿ ಕೇಂದ್ರವನ್ನಾಗಲಿ ಸಂಪರ್ಕಿಸಿ ವಿಲೇವಾರಿ ಮಾಡಿಸಬೇಕು. ಪಂಚಾಯತಿಯ ಸ್ವಂತ ವಾಹನಗಳನ್ನು ಹರಾಜು ಹಾಕುವಾಗಲೂ ಅದೇ ಕೇಂದ್ರಗಳ ಮೂಲಕ ಕಳುಹಿಸಿದರೆ, ಆ ಡಬ್ಬಿಗಳು ಮರಳಿ ತನ್ನದೇ ಒಣ ಕಸದ ಘಟಕಕ್ಕೆ ಬರುವುದು ತಪ್ಪುತ್ತದೆ.